ಕಡೇ ಸ್ಟಾಪು ಎಲ್ಲಿ?

ಸಿಡ್ನಿಯಲ್ಲಿ ಹದಿನಾಲ್ಕು ವರ್ಷ ಇದ್ದರೂ ನಾವು ಮೆಲ್ಬರ್ನಿಗೆ ರಸ್ತೆಯ ಮೇಲೆ ಒಮ್ಮೆಯೂ ಹೋಗಿರಲಿಲ್ಲ. ನಮ್ಮಲ್ಲಿ ಬಹಳ ಮಂದಿಯ ಕಥೆ ಇಷ್ಟೇ ಅಂದುಕೊಂಡಿದ್ದೇನೆ. ಒಂದೂವರೆ ಗಂಟೆಯ ವಿಮಾನ ಇರುವಾಗ ಹತ್ತು ಗಂಟೆ ಸ್ಟೇರಿಂಗ್ ಹಿಡಿದು ಕೂರುವವರು ಯಾರು? ಹೊಸದಾಗಿ ಬಂದ ಹುಡುಗರು ಲಾಂಗ್ ವೀಕೆಂಡಿಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟರೆ, ನಾವು ಹಿರಿಯರು "ಕಾಂಗರೂ ಅಡ್ಡ ಬರುತ್ತೆ, ಹುಷಾರು" ಎಂದು ಹೇಳಿ ಕಳಿಸುತ್ತಿದ್ದೆವು. ನಮ್ಮ ಉಸ್ತುವಾರಿ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ 2023ರ ಏಪ್ರಿಲ್‌ನಲ್ಲಿ ಹೋಗಲೇಬೇಕಾಯಿತು. ಯಜಮಾನರಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಅವರು ಆಗಲೇ ಆರು ತಿಂಗಳಿಂದ ಅಲ್ಲಿದ್ದರು. ಸಿಡ್ನಿಯಲ್ಲಿ ನಮ್ಮ ಕೈಗೆಟುಕದ ಮನೆ ಮೆಲ್ಬರ್ನಿನ ಆಗ್ನೇಯ ಅಂಚಿನ ಕ್ಲೈಡ್ ನಾರ್ತ್‌ನಲ್ಲಿ ಎದ್ದು ನಿಂತಿತ್ತು. ಅಕ್ಷಯ ತೃತೀಯದ ದಿನ ಗೃಹಪ್ರವೇಶ. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಉಳಿದದ್ದು ನಾನು, ಹದಿನಾರು ತುಂಬಿದ ಮಗಳು, ಒಂಬತ್ತರ ಮಗ, ನಮ್ಮ ಹಳೇ ಕಾರು ಮತ್ತು ಅಪ್ಪ.

ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಅವರು ಕೆ.ಎಸ್.ಆರ್.ಟಿ.ಸಿ.ಯ ಹಾಸನದ ಡಿಪೋದಲ್ಲಿ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವರು. ಅದರಲ್ಲಿ ಅರ್ಧಕ್ಕೂ ಹೆಚ್ಚು ಕಾಲ ಹಾಸನ–ಮಂಗಳೂರು ರೂಟು. ಸಕಲೇಶಪುರ, ದೋಣಿಗಲ್, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿದು, ಗುಂಡ್ಯದಲ್ಲಿ ಟೀ ಕುಡಿದರೆ ಜೀವ ಬಂತು ಎನ್ನುವ ರೂಟು. ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಕೊಟ್ಟ ಬೆಳ್ಳಿ ಪದಕ ಇವತ್ತಿಗೂ ನಮ್ಮೂರ ಮನೆಯ ದೇವರ ಗೂಡಿನಲ್ಲಿದೆ. ಅಮ್ಮ ಇದ್ದಾಗ ದೇವರ ಜೊತೆ ಅದಕ್ಕೂ ಒಂದು ಹೂವು ಏರಿಸುತ್ತಿದ್ದಳು.

ಅಮ್ಮ ಹೋದದ್ದು 2021ರ ಮೇ ತಿಂಗಳಲ್ಲಿ. ಆಗ ಆಸ್ಟ್ರೇಲಿಯಾದ ಗಡಿ ಮುಚ್ಚಿ ವರ್ಷದ ಮೇಲಾಗಿತ್ತು, ಭಾರತದ ವಿಮಾನಗಳೂ ಕೆಲವು ವಾರ ಪೂರ್ತಿ ನಿಂತಿದ್ದವು. ನಾನು ಎಲ್ಲವನ್ನೂ ವೆಂಟ್‌ವರ್ತ್‌ವಿಲ್ಲಿನ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದೆ. ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಹೀಗೆ ನೋಡಿದವರೇ, ಹೆಚ್ಚು ಬರೆಯುವುದಿಲ್ಲ. ಅಪ್ಪನನ್ನು ಒಮ್ಮೆ ಕರೆಸಿಕೊಂಡರೆ ಮತ್ತೆ ಕಳಿಸಬಾರದು ಎಂದು ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಕ್ಲೈಡ್ ನಾರ್ತ್ ಮನೆಯ ನಕ್ಷೆ ಮಾಡಿಸುವಾಗ ಕೆಳಗಡೆ ಒಂದು ರೂಮು, ಅದಕ್ಕೇ ಸೇರಿದ ಬಚ್ಚಲು, ಕಿಟಕಿಯಿಂದ ರಸ್ತೆ ಕಾಣಬೇಕು ಎಂದು ಹಟ ಹಿಡಿದದ್ದು ನಾನೇ. ಅಪ್ಪನಿಗೆ ಆ ರೂಮಿನ ವಿಷಯ ಹೇಳಿರಲಿಲ್ಲ. ಅವರು ಬಂದದ್ದು ಮೂರು ತಿಂಗಳ ವೀಸಾದಲ್ಲಿ.

"ವಿಮಾನದಲ್ಲಿ ಕಳಿಸ್ತೀನಪ್ಪ, ಆರಾಮಾಗಿ ಹೋಗಿ" ಎಂದರೆ ಕೇಳಲಿಲ್ಲ. "ರಸ್ತೆ ಇದ್ದ ಮ್ಯಾಲೆ ಮೇಲೆ ಯಾಕೆ ಹೋಗಾನ?" ಎಂದರು.

ಪ್ರೆಸ್ಟನ್ಸ್ ಬಳಿ ಎಂ31 ಹತ್ತಿದ್ದು ಬೆಳಗಿನ ಆರೂವರೆಗೆ. ಇದೇ ಹ್ಯೂಮ್ ಹೈವೇ. 1928ರಲ್ಲಿ ಈ ಹೆಸರು ಬಂದದ್ದು. ಅದಕ್ಕೆ ಮೊದಲು ನ್ಯೂ ಸೌತ್ ವೇಲ್ಸಿನವರು ಗ್ರೇಟ್ ಸದರ್ನ್ ರೋಡ್ ಎನ್ನುತ್ತಿದ್ದರು, ವಿಕ್ಟೋರಿಯಾದವರು ಸಿಡ್ನಿ ರೋಡ್ ಎನ್ನುತ್ತಿದ್ದರು. ಮಗನಿಗೆ 'ಕಾರ್ಸ್' ಸಿನಿಮಾ ಬಾಯಿಪಾಠ. ಅಮೆರಿಕದ ರೂಟ್ 66ರ ಪಕ್ಕದ ಊರೊಂದು ದೊಡ್ಡ ಹೆದ್ದಾರಿ ಬಂದ ಮೇಲೆ ಯಾರೂ ಬಾರದೆ ಬಡವಾಗುವ ಕಥೆ ಅದು. "ಇದು ನಮ್ಮ ರೂಟ್ 66ಆ?" ಎಂದು ಅವನ ಪ್ರಶ್ನೆ. ನಾನು ಹೌದು ಎಂದೆ. ಪೂರ್ತಿ ಸುಳ್ಳಲ್ಲ. ಶಿಕಾಗೊದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಆ ರಸ್ತೆ 1926ರಲ್ಲಿ ಹುಟ್ಟಿ 1985ರಲ್ಲಿ ಅಧಿಕೃತ ಪಟ್ಟಿಯಿಂದಲೇ ಹೋಯಿತು. ನಮ್ಮ ಹ್ಯೂಮ್ ಇನ್ನೂ ದುಡಿಯುತ್ತಿದೆ. ಆದರೆ ಊರುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದ್ದರಲ್ಲಿ ಎರಡೂ ಒಂದೇ. ಬೆರಿಮಾ 1989ರಲ್ಲಿ, ಗೋಲ್ಬರ್ನ್ 1992ರಲ್ಲಿ, ಯಾಸ್ 1994ರಲ್ಲಿ ಬೈಪಾಸ್ ಆದವು. ಕಟ್ಟಕಡೆಗೆ 2013ರ ಆಗಸ್ಟ್‌ನಲ್ಲಿ ಹೋಲ್‌ಬ್ರೂಕ್ ಸರಿದ ಮೇಲೆ ಸಿಡ್ನಿಯಿಂದ ಮೆಲ್ಬರ್ನಿನವರೆಗೆ ಇಡೀ ರಸ್ತೆ ಜೋಡಿ ರಸ್ತೆಯಾಯಿತು.

ಅಪ್ಪನಿಗೆ ಇದೇ ಸರಿಬರಲಿಲ್ಲ. ಮೊದಲ ನೂರು ಕಿಲೋಮೀಟರಿಗೆ "ಭಾರೀ ರಸ್ತೆ ಕಣಮ್ಮ" ಎಂದು ಹೊಗಳಿದವರು ಇನ್ನೂರಕ್ಕೆ ಬಂದಾಗ ಆಕಳಿಸಿದರು. "ಒಂದೂರೂ ಕಾಣಲ್ವಲ್ಲ. ಜನ ಹತ್ತೋದೆಲ್ಲಿ, ಇಳಿಯೋದೆಲ್ಲಿ?" ಅವರ ಲೆಕ್ಕದಲ್ಲಿ ರಸ್ತೆ ಎಂದರೆ ಸ್ಟಾಪುಗಳ ಸರ.

ಗೋಲ್ಬರ್ನಿನಲ್ಲಿ ಕಾಂಕ್ರೀಟಿನ ಕುರಿ ನೋಡಿದೆವು. 1985ರಲ್ಲಿ ಕಟ್ಟಿದ, ಹದಿನೈದು ಮೀಟರ್ ಎತ್ತರದ ಮೆರಿನೊ ಟಗರು. ಬೈಪಾಸ್ ಆದ ಮೇಲೆ ಗಿರಾಕಿ ಕಡಿಮೆಯಾಯಿತೆಂದು 2007ರಲ್ಲಿ ಇಡೀ ಟಗರನ್ನೇ ಎತ್ತಿ ಹೆದ್ದಾರಿಯ ಹತ್ತಿರಕ್ಕೆ ತಂದು ಕೂರಿಸಿದ್ದಾರೆ. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನಮ್ಮೂರಾಗೆ ಹೋಟ್ಲಿನೋರು ಹಿಂಗೇ ಮಾಡ್ತಾರೆ, ರಸ್ತೆ ಎಲ್ಲಿ ಹೋದ್ರೆ ಅಲ್ಲಿಗೆ ಒಲೆ ಎತ್ಕೊಂಡು ಹೋಗ್ತಾರೆ" ಎಂದರು.

ಶಾಲೆಗಳಿಗೆ ರಜೆ ಇದ್ದುದರಿಂದ ಮುಂದೆ ಒಂದು ಕಡೆ 'ಡ್ರೈವರ್ ರಿವೈವರ್' ಡೇರೆ ಹಾಕಿದ್ದರು. ಊರಿನ ಸ್ವಯಂಸೇವಕರು ನಿಂತು ದಾರಿಯಲ್ಲಿ ಹೋಗುವವರಿಗೆ ಪುಕ್ಕಟೆ ಟೀ, ಕಾಫಿ, ಬಿಸ್ಕತ್ತು ಕೊಡುವ ಏರ್ಪಾಟು. ಡ್ರೈವರ್‌ಗೆ ನಿದ್ದೆ ಬಾರದಿರಲಿ ಎಂದು. ಬಿಳಿ ಕೂದಲಿನ ಅಜ್ಜಿಯೊಬ್ಬರು "ಡ್ರೈವರ್ ಯಾರು?" ಎಂದು ಕೇಳಿದಾಗ ನಾನು ಕೈ ಎತ್ತುವ ಮೊದಲೇ ಮಗಳು ತಾತನನ್ನು ತೋರಿಸಿ, "ಇವರು, ಮೂವತ್ತೊಂದು ವರ್ಷ, ಸರ್ಕಾರಿ ಬಸ್ಸು" ಎಂದಳು. ಆ ಅಜ್ಜಿ ಅಪ್ಪನ ಕೈ ಕುಲುಕಿ ಎರಡು ಬಿಸ್ಕತ್ತು ಹೆಚ್ಚಿಗೆ ಇಟ್ಟರು. ಮುಂದಿನ ಐವತ್ತು ಕಿಲೋಮೀಟರ್ ಅಪ್ಪ ಮಾತಾಡಲೇ ಇಲ್ಲ.

ಗುಂಡಗೈ ಊರಿಗೆ ಎಲ್ಲರೂ ಹೋಗುವುದು ಬುತ್ತಿಪೆಟ್ಟಿಗೆಯ ಮೇಲೆ ಕುಳಿತ ನಾಯಿಯ ವಿಗ್ರಹಕ್ಕೆ. 1932ರಲ್ಲಿ ಪ್ರಧಾನಿ ಜೋಸೆಫ್ ಲಯನ್ಸ್ ಅನಾವರಣ ಮಾಡಿದ್ದು. ನಾವೂ ಫೋಟೋ ತೆಗೆಸಿಕೊಂಡೆವು. ಆದರೆ ಓದುಗರೇ, ನೀವು ಹೋದರೆ ಊರೊಳಗಿನ ಇನ್ನೊಂದು ಕಂಚಿನ ಪ್ರತಿಮೆಯನ್ನು ಬಿಡಬೇಡಿ. 1852ರ ಜೂನ್‌ನಲ್ಲಿ ಮರಂಬಿಜಿ ನದಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಯಿತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಗ ವಿರಾಜುರಿ ಜನಾಂಗದ ಯಾರಿ ಮತ್ತು ಜಾಕಿ ಜಾಕಿ ಎಂಬಿಬ್ಬರು ಮರದ ತೊಗಟೆಯ ದೋಣಿಯಲ್ಲಿ ಆ ಸೆಳವಿಗೆ ಇಳಿದು, ಮರದ ಮೇಲೆ, ಮಾಡಿನ ಮೇಲೆ ಸಿಕ್ಕಿಕೊಂಡಿದ್ದವರನ್ನು ಒಬ್ಬೊಬ್ಬರಾಗಿ ದಡಕ್ಕೆ ತಂದರು. ಹೀಗೆ ಬದುಕಿದವರು 69 ಮಂದಿ ಎಂದು ಲೆಕ್ಕ. ನದಿಯ ಬಯಲಿನಲ್ಲಿ ಊರು ಕಟ್ಟಬೇಡಿ ಎಂದು ಮೂಲನಿವಾಸಿಗಳು ಮೊದಲೇ ಎಚ್ಚರಿಸಿದ್ದರಂತೆ. ಪ್ರತಿಮೆ ಬಂದದ್ದು 2017ರಲ್ಲಿ, ಅಂದರೆ 165 ವರ್ಷದ ಮೇಲೆ. ನಾಯಿಗೆ ಅದಕ್ಕಿಂತ ಎಂಬತ್ತೈದು ವರ್ಷ ಮೊದಲೇ ಸಿಕ್ಕಿತ್ತು. ಮಗಳು ಇದನ್ನು ಲೆಕ್ಕ ಹಾಕಿ ಹೇಳಿದಾಗ ಯಾರೂ ನಗಲಿಲ್ಲ.

ಅಲ್ಲಿಂದ ಮುಂದೆ ಸ್ಟೇರಿಂಗ್ ಮಗಳ ಕೈಗೆ. ಅವಳು 'ಎಲ್' ಹಲಗೆಯವಳು. ಸಿಡ್ನಿ ಬಿಡುವುದಕ್ಕೆ ಅವಳ ದೊಡ್ಡ ತಕರಾರು ಗೆಳತಿಯರದಲ್ಲ. ನ್ಯೂ ಸೌತ್ ವೇಲ್ಸಿನಲ್ಲಿ ಹದಿನೇಳಕ್ಕೆ ಒಂಟಿಯಾಗಿ ಕಾರು ಓಡಿಸಬಹುದು, ವಿಕ್ಟೋರಿಯಾದಲ್ಲಿ ಹದಿನೆಂಟಾಗಬೇಕು. "ನನ್ನ ಒಂದು ವರ್ಷ ನೀವು ಕದ್ದಿರಿ" ಎಂದು ಅಪ್ಪ-ಅಮ್ಮನ ಮೇಲೆ ದೂರು. 120 ಗಂಟೆ ಓಡಿಸಿ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಆ ಪುಸ್ತಕ ನೋಡಿ ಅಪ್ಪನ ಕಣ್ಣು ಅರಳಿತು. "ಇದು ನಮ್ಮ ಟ್ರಿಪ್ ಶೀಟೇ!" ಎಂದರು. ಹೊರಟದ್ದು, ಸೇರಿದ್ದು, ಕಿಲೋಮೀಟರು, ಸಹಿ.

ಕಲಿಯುವವರಿಗೆ ಅಲ್ಲಿ ಗಂಟೆಗೆ 90ರ ಮಿತಿ. ರಸ್ತೆಯ ಮಿತಿ 110. ಪಕ್ಕದಲ್ಲಿ 34 ಚಕ್ರದ ಬಿ-ಡಬಲ್ ಲಾರಿಗಳು ಗಾಳಿ ಬೀಸಿಕೊಂಡು ಹೋಗುವಾಗ ನನ್ನ ಎದೆ ಬಾಯಿಗೆ ಬರುತ್ತಿತ್ತು. (ಚಕ್ರ ಎಣಿಸಿದ್ದು ಅಪ್ಪ, ಟಾರ್ಕಟ್ಟದಲ್ಲಿ ನಿಂತಿದ್ದ ಲಾರಿಯ ಸುತ್ತ ನಡೆದು.) ಹಿಂದಿನ ಸೀಟಿನಿಂದ ಅವರ ಪಾಠ ಶುರುವಾಯಿತು. "ಪುಟ್ಟೀ, ಅವನು ದೊಡ್ಡೋನು, ಹೋಗ್ಲಿ ಬಿಡು. ಕನ್ನಡಿ ನೋಡು, ಆದ್ರೆ ಕನ್ನಡಿಯಾಗೇ ಇರಬ್ಯಾಡ. ಕಣ್ಣು ರಸ್ತೆ ಮ್ಯಾಲಲ್ಲ, ರಸ್ತೆ ಎಲ್ಲಿ ತಿರುಗ್ತದೋ ಅಲ್ಲಿ." ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಿದ್ದೆ. ತಿರುಗಿ ನೋಡಿದರೆ ಅಪ್ಪನೂ ಒತ್ತುತ್ತಿದ್ದರು.

ಟಾರ್ಕಟ್ಟ ಅವರಿಗೆ ತುಂಬಾ ಹಿಡಿಸಿತು. ಸಿಡ್ನಿ–ಮೆಲ್ಬರ್ನಿನ ಸರಿಸುಮಾರು ನಟ್ಟನಡುವಿನ ಹಳ್ಳಿ. 2011ರಲ್ಲಿ ಬೈಪಾಸ್ ಆಗುವವರೆಗೂ ಎಲ್ಲ ಲಾರಿಗಳೂ ಇದರ ಒಳಗೇ ಹಾಯುತ್ತಿದ್ದವು. ಸಿಡ್ನಿಯಿಂದ ಬಂದ ಡ್ರೈವರು, ಮೆಲ್ಬರ್ನಿನಿಂದ ಬಂದ ಡ್ರೈವರು ಇಲ್ಲಿ ಲಾರಿ ಅದಲುಬದಲು ಮಾಡಿಕೊಂಡು ತಿರುಗಿ ತಮ್ಮ ತಮ್ಮ ಮನೆಗೆ ಹೋಗಿ ಮಲಗುವ ಪದ್ಧತಿ. ರಸ್ತೆಯಲ್ಲಿ ಸತ್ತ ಲಾರಿ ಚಾಲಕರ ಹೆಸರುಗಳ ಸ್ಮಾರಕದ ಗೋಡೆಯೊಂದು ಅಲ್ಲಿದೆ. ಅಪ್ಪನಿಗೆ ಇಂಗ್ಲಿಷ್ ನಿಧಾನ. ಒಂದೊಂದು ಹೆಸರನ್ನೂ ಅಕ್ಷರ ಕೂಡಿಸಿ ಓದುತ್ತ ಬಹಳ ಹೊತ್ತು ನಿಂತರು. ಅಲ್ಲಿ ಚಪ್ಪಲಿ ಕಳಚಿದ್ದನ್ನು ಮಗ ನನಗೆ ಸನ್ನೆ ಮಾಡಿ ತೋರಿಸಿದ.

ಹೋಲ್‌ಬ್ರೂಕಿನಲ್ಲಿ ಹುಲ್ಲಿನ ಮೇಲೆ ತೊಂಬತ್ತು ಮೀಟರ್ ಉದ್ದದ ಜಲಾಂತರ್ಗಾಮಿ ಮಲಗಿದೆ. ಸಮುದ್ರ ನೂರಾರು ಕಿಲೋಮೀಟರ್ ದೂರ! ಜರ್ಮನ್‌ಟನ್ ಎಂದಿದ್ದ ಊರಿನ ಹೆಸರನ್ನು ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ, ಬ್ರಿಟಿಷ್ ಜಲಾಂತರ್ಗಾಮಿಯ ಅಧಿಕಾರಿ ನಾರ್ಮನ್ ಹೋಲ್‌ಬ್ರೂಕ್ ಹೆಸರಿಗೆ ಬದಲಾಯಿಸಿದರು. ಆ ನೆನಪಿಗೆ ಆಸ್ಟ್ರೇಲಿಯಾ ನೌಕಾಪಡೆಯ ನಿವೃತ್ತ 'ಓಟ್ವೇ'ಯ ಮೇಲ್ಭಾಗವನ್ನು ತಂದಿಟ್ಟಿದ್ದಾರೆ. ಮಗನಿಗೆ ಅದೊಂದೇ ಇಡೀ ಪ್ರಯಾಣದ ಸಾರ್ಥಕ್ಯ.

ಆ ರಾತ್ರಿ ಆಲ್ಬರಿಯಲ್ಲಿ ತಂಗಿದೆವು. ಸಂಜೆ ಮರ್ರಿ ನದಿಯ ದಡಕ್ಕೆ ಹೋದೆವು. ಅಲ್ಲಿನ ಉದ್ಯಾನದಲ್ಲಿ ಹೋವೆಲ್ ಮರ ಎಂಬ ಹಳೇ ಗಮ್ ಮರವಿದೆ. ಹೆದ್ದಾರಿಗೆ ಹೆಸರು ಕೊಟ್ಟ ಹ್ಯಾಮಿಲ್ಟನ್ ಹ್ಯೂಮ್ ನಾವು ಹೊರಟ ಪ್ಯಾರಮಟ್ಟ ಕಡೆಯವನೇ, 1797ರಲ್ಲಿ ಅದರ ಹತ್ತಿರ ಹುಟ್ಟಿದವನು. ಅವನೂ ಹಡಗಿನ ಕ್ಯಾಪ್ಟನ್ ಆಗಿದ್ದ ವಿಲಿಯಂ ಹೋವೆಲ್ಲನೂ ಆರು ಜನ ಆಳುಗಳ ಜೊತೆ 1824ರಲ್ಲಿ ದಕ್ಷಿಣದ ಸಮುದ್ರ ಹುಡುಕಿ ಹೊರಟು, ನವೆಂಬರ್ 17ರಂದು ಹೋವೆಲ್ ಇಲ್ಲಿ ಮರದ ಮೇಲೆ ಹೆಸರು ಕೆತ್ತಿದ. ಇಬ್ಬರಿಗೂ ದಾರಿಯುದ್ದಕ್ಕೂ ಜಗಳ. ಒಮ್ಮೆ ಸಾಮಾನು ಪಾಲು ಮಾಡಿಕೊಳ್ಳಲು ಹೋಗಿ ಬಾಣಲೆಯನ್ನು ಎಳೆದಾಡಿ, ಒಬ್ಬನಿಗೆ ಹಿಡಿ, ಒಬ್ಬನಿಗೆ ತಟ್ಟೆ ಉಳಿಯಿತೆಂದು ಕಥೆ. "ಕಂಡಕ್ಟರು ಡ್ರೈವರು ಹಿಂಗಾದ್ರೆ ಟ್ರಿಪ್ ಮುಗಿದಂಗೇ" ಎಂದರು ಅಪ್ಪ.

ಸೇತುವೆಯ ಆಚೆ ವಿಕ್ಟೋರಿಯಾ. "ಗಡಿ ಅಂದ್ಯಲ್ಲ, ಅದು ಇದೇನಾ?" ಎಂದು ಕೇಳಿದರು. 2020ರಲ್ಲಿ ಜುಲೈ 8ರಿಂದ ನವೆಂಬರ್ 23ರವರೆಗೆ ಈ ಗಡಿಯನ್ನೂ ಮುಚ್ಚಿದ್ದರು, 1919ರ ಫ್ಲೂ ಕಾಯಿಲೆಯ ನಂತರ ಅದೇ ಮೊದಲು. ಈ ಊರಲ್ಲಿ ಮನೆ, ಆ ಊರಲ್ಲಿ ಆಸ್ಪತ್ರೆ ಇದ್ದವರು ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದರು ಎಂದು ಹೇಳಿದೆ. ಅಪ್ಪ ನೀರನ್ನು ನೋಡಿದರು. "ನಮ್ಮ ಹೇಮಾವತಿ ಇದ್ದಂಗೈತೆ. ಇಷ್ಟಗಲ" ಎಂದರು. ಆಮೇಲೆ, ನನ್ನ ಕಡೆ ತಿರುಗದೆಯೇ, "ನೀನು ಬರಕ್ಕಾಗ್ಲಿಲ್ಲ ಅಂತ ನಿಮ್ಮಮ್ಮಂಗೆ ಗೊತ್ತಿತ್ತು ಕಣಮ್ಮ. ನಾನೇ ಹೇಳಿದ್ದೆ, ರಸ್ತೆ ಬಂದ್ ಮಾಡವ್ರೆ ಅಂತ. ಹೂಂ ಅಂದ್ಲು" ಎಂದರು. ಎರಡು ವರ್ಷದಲ್ಲಿ ಈ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಫೋನಿನಲ್ಲಿ ಬರುವ ಮಾತಲ್ಲ ಅದು. ಮಕ್ಕಳು ಬಾತುಗಳಿಗೆ ಏನೋ ಕೂಗುತ್ತಿದ್ದರು. ಕತ್ತಲಾಗುವವರೆಗೂ ಅಲ್ಲೇ ಇದ್ದೆವು.

ಮರುದಿನದ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಲೆನ್ರೋವನ್‌ನಲ್ಲಿ 1880ರಲ್ಲಿ ಸಿಕ್ಕಿಬಿದ್ದ ನೆಡ್ ಕೆಲ್ಲಿಯ ಭಾರೀ ಬೊಂಬೆ, ಬಯಲು, ಕುರಿ, ಮತ್ತೆ ಬಯಲು. ನಿದ್ದೆ ಬಂದರೆ ನಿಲ್ಲಿಸಿ ಮಲಗಿ ಎಂದು ಬೋರ್ಡುಗಳು. ಮಗ ಮಾತ್ರ ಒಂದೇ ಪ್ರಶ್ನೆ ಹಿಡಿದಿದ್ದ: ರಸ್ತೆ ಮುಗಿಯುವುದು ಎಲ್ಲಿ? ಕ್ಯಾಲಿಫೋರ್ನಿಯಾದಲ್ಲಿರುವ ಅವನ ದೊಡ್ಡಪ್ಪನ ಮಗ ಸಾಂಟಾ ಮೋನಿಕಾದ ಕಡಲಕಟ್ಟೆಯ ಮೇಲೆ, ರೂಟ್ 66 ಇಲ್ಲಿ ಮುಗಿಯಿತು ಎಂಬ ಫಲಕದ ಕೆಳಗೆ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ್ದ. ಅಂಥದೊಂದು ಫಲಕ ನಮಗೂ ಬೇಕು. ನಿಜ ಹೇಳಬೇಕೆಂದರೆ ಆ ಫಲಕವನ್ನು ನೆಟ್ಟದ್ದು 2009ರಲ್ಲಿ. ಹಳೇ ರಸ್ತೆಯ ಅಧಿಕೃತ ಕೊನೆ ಅಲ್ಲಿಂದ ಸ್ವಲ್ಪ ಒಳಗೆ, ಲಿಂಕನ್ ಮತ್ತು ಒಲಿಂಪಿಕ್ ರಸ್ತೆಗಳು ಕೂಡುವ ಮೂಲೆಯಲ್ಲಿತ್ತು. ಸಮುದ್ರ ಕಂಡ ಮೇಲೆಯೇ ಪ್ರಯಾಣ ಮುಗಿದಂತೆ ಅನ್ನಿಸುವುದು ಮನುಷ್ಯನ ಸ್ವಭಾವ, ಫಲಕ ಅಲ್ಲಿಗೇ ಬಂತು.

ನಮ್ಮ ಹ್ಯೂಮ್‌ಗೆ ಅಷ್ಟೂ ಇಲ್ಲ. ಹಿಂದೆ ಕೋಬರ್ಗ್, ಬ್ರನ್ಸ್‌ವಿಕ್ ಅಂಗಡಿಗಳ ನಡುವೆ ಸಿಡ್ನಿ ರೋಡ್ ಆಗಿ ಊರಿನ ಹೊಟ್ಟೆಗೆ ಬರುತ್ತಿತ್ತು. 2005ರ ಕ್ರೇಗಿಬರ್ನ್ ಬೈಪಾಸಿನ ನಂತರ ಥಾಮಸ್‌ಟೌನ್ ಹತ್ತಿರ ರಿಂಗ್ ರೋಡಿಗೆ ಸೇರಿ ಸದ್ದಿಲ್ಲದೆ ಮುಗಿದುಹೋಗುತ್ತದೆ. "ಮುಗೀತು" ಎಂದೆ. "ಏನು ಮುಗೀತು?" ಎಂದ ಮಗ. ಮುಂದೆ ಇನ್ನೂ ಇಡೀ ನಗರವನ್ನು ದಾಟಿ ಮೋನಾಶ್ ಫ್ರೀವೇ ಹಿಡಿದು, ಬೆರ್‌ವಿಕ್‌ನಲ್ಲಿ ಇಳಿದು, ಕ್ಲೈಡ್ ರೋಡಿನಲ್ಲಿ ತೆವಳಬೇಕಿತ್ತು. ಅಲ್ಲಿರುವವರಿಗೆ ಗೊತ್ತು: ಒಂಬೈನೂರು ಕಿಲೋಮೀಟರ್ ಒಂದು ತೂಕ, ಸಂಜೆ ಐದಕ್ಕೆ ಕ್ಲೈಡ್ ರೋಡಿನ ಕಡೆಯ ಐದು ಕಿಲೋಮೀಟರ್ ಒಂದು ತೂಕ.

ಕ್ಲೈಡ್ ನಾರ್ತ್ ಮೊನ್ನೆಮೊನ್ನೆಯವರೆಗೂ ತರಕಾರಿ ಹೊಲ, ಹಸುವಿನ ಹುಲ್ಲುಗಾವಲು. 2021ರ ಜನಗಣತಿಯ ಹೊತ್ತಿಗೆ ಮೂವತ್ತೊಂದು ಸಾವಿರ ದಾಟಿತ್ತು, ಆಮೇಲೆ ಇನ್ನೂ ಬೆಳೆದಿದೆ. ಎಲ್ಲೆಲ್ಲೂ ಅರ್ಧ ಎದ್ದ ಮನೆಗಳು, ಮೊಣಕಾಲುದ್ದದ ಮರಗಳು, ಎಲ್ಲದಕ್ಕೂ ಮೊದಲು ಬರುವ ಗಾಳಿ. ನಮ್ಮ ಬೀದಿ ನಮ್ಮ ಮನೆಯಿಂದ ಆರು ಸೈಟು ಮುಂದಕ್ಕೆ ಹೋಗಿ ಥಟ್ಟನೆ ನಿಲ್ಲುತ್ತಿತ್ತು. ಕೆಂಪು-ಬಿಳಿ ಪಟ್ಟೆಯ ಅಡ್ಡಹಲಗೆ, ಅದರಾಚೆ ತಂತಿಬೇಲಿ, ಬೇಲಿಯಾಚೆ ಹಸುಗಳು. ಮಗ ಕಾರಿನಿಂದ ಇಳಿದವನೇ ಅಲ್ಲಿಗೆ ಓಡಿ, "ಸಿಕ್ತು! ಇಲ್ಲಿ ಮುಗಿಯುತ್ತೆ!" ಎಂದು ಕೂಗಿದ. ಎಲ್ಲರೂ ಆ ಹಲಗೆಗೆ ಒರಗಿ ಫೋಟೋ ತೆಗೆಸಿಕೊಂಡೆವು. ಒಂದು ಹಸುವೂ ಬಂದಿದೆ.

ಗೃಹಪ್ರವೇಶ ಚೆನ್ನಾಗಾಯಿತು. ಹಸುಗಳು ಬೇಲಿಯಾಚೆ ಅಷ್ಟೊಂದಿದ್ದರೂ ಒಂದನ್ನೂ ಒಳಗೆ ತರುವಂತಿರಲಿಲ್ಲ, ಬೆಳ್ಳಿಯ ಪುಟ್ಟ ಹಸುವೇ ಹೊಸಿಲು ದಾಟಿತು. ಹಾಲು ಉಕ್ಕಿತು, ಹೊಗೆಯ ಅಲಾರಮ್ಮೂ ಕೂಗಿತು. ಊಟದ ನಂತರ ಅಪ್ಪನನ್ನು ಕೆಳಗಿನ ರೂಮಿಗೆ ಕರೆದುಕೊಂಡು ಹೋಗಿ, "ಇದು ನಿಮ್ಮದು" ಎಂದೆ. ಕಿಟಕಿ ತೆಗೆದು ರಸ್ತೆ ನೋಡಿದರು. ಹಾಸಿಗೆಯ ಮೇಲೆ ಕೂತು ಕೈಯಿಂದ ಸವರಿದರು. ಪೇರೆಂಟ್ ವೀಸಾ ವಿಷಯ ತೆಗೆದೆ. ದೊಡ್ಡ ದುಡ್ಡು ಕಟ್ಟುವ ಸರತಿ ಒಂದು, ಕಟ್ಟದ ಸರತಿಯಾದರೆ ಮೂವತ್ತು ವರ್ಷದ ಹತ್ತಿರ ಎಂದೆ.

"ಮೂವತ್ತಾ? ಸರಿ, ನೂರಾ ನಾಲ್ಕಕ್ಕೆ ಬರ್ತೀನಿ, ರೂಮು ಯಾರಿಗೂ ಕೊಡಬ್ಯಾಡ" ಎಂದು ನಕ್ಕರು. ದುಡ್ಡು ಕಟ್ಟುತ್ತೇವೆ ಎಂದೆ. ಅದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಮ್ಮ, ಧರ್ಮಸ್ಥಳ ನೈಟ್ ಹಾಲ್ಟ್ ಗಾಡಿ ಮೂರು ವರ್ಷ ಓಡ್ಸಿದೀನಿ. ಅಲ್ಲಿ ಒಳ್ಳೇ ಊಟ, ಒಳ್ಳೇ ನಿದ್ದೆ, ಮಂಜುನಾಥನ ಗಂಟೆ. ಆದ್ರೂ ಬೆಳಿಗ್ಗೆ ಗಾಡಿ ತಿರುಗಿಸಿ ಡಿಪೋಗೆ ತರಬೇಕಲ್ಲ. ನಿಮ್ಮಮ್ಮ ಮಲಗಿರೋ ತೋಟದ ಮಗ್ಗುಲಲ್ಲೇ ನನ್ನ ಡಿಪೋ" ಎಂದರು. ನಾನು ವಾದ ಮಾಡಿದೆ, ಅತ್ತೆ. ಒಂದು ವಾರ ಮಾಡಿದೆ. ಅವರು ಕೋಪಿಸಿಕೊಳ್ಳಲಿಲ್ಲ, ಒಪ್ಪಲೂ ಇಲ್ಲ.

ಮರುದಿನ ಭಾನುವಾರ ಎಲ್ಲರೂ ಟೂರಾಡಿನ್‌ಗೆ ಹೋಗಿದ್ದೆವು. ನಮ್ಮ ಮನೆಯಿಂದ ಸಣ್ಣ ದೂರ, ವೆಸ್ಟರ್ನ್ ಪೋರ್ಟ್ ಕೊಲ್ಲಿಯ ತುದಿ. ಕೆಸರು, ಮ್ಯಾಂಗ್ರೋವ್ ಗಿಡ, ಗಾಳ ಹಾಕುವವರು. ಹ್ಯೂಮ್ ಮತ್ತು ಹೋವೆಲ್ ಕಥೆಯ ಉಳಿದರ್ಧವನ್ನು ಅಲ್ಲಿ ಹೇಳಿದೆ. ಅವರು 1824ರ ಡಿಸೆಂಬರ್ 16ರಂದು ಸಮುದ್ರ ಕಂಡು, ವೆಸ್ಟರ್ನ್ ಪೋರ್ಟ್ ಸೇರಿದೆವೆಂದು ವರದಿ ಕೊಟ್ಟರು. ಆ ವರದಿ ನಂಬಿ ಸರ್ಕಾರ 1826ರಲ್ಲಿ ಇಲ್ಲಿಗೆ ಜನರನ್ನು ಕಳಿಸಿತು, ಜೊತೆಗೆ ಹೋವೆಲ್‌ನೂ ಬಂದ. ನೋಡಿದರೆ ತಾನು ಕಂಡ ಸಮುದ್ರವೂ ಇದಲ್ಲ, ನೆಲವೂ ಇದಲ್ಲ! ಅವರು ಮುಟ್ಟಿದ್ದು ಈಗಿನ ಜಿಲಾಂಗಿನ ಕೋರಿಯೊ ಕೊಲ್ಲಿ. ರೇಖಾಂಶದ ಲೆಕ್ಕ ಸುಮಾರು ಒಂದು ಡಿಗ್ರಿ ತಪ್ಪಿತ್ತು. 1828ರ ಹೊತ್ತಿಗೆ ಆ ವಸಾಹತನ್ನೂ ಕೈಬಿಟ್ಟರು. ಮೂವತ್ತು ವರ್ಷದ ನಂತರವೂ ಯಾರದು ಹೆಚ್ಚುಗಾರಿಕೆ ಎಂದು ಇಬ್ಬರೂ ಪುಸ್ತಕ, ಪತ್ರಿಕೆಗಳಲ್ಲಿ ಕಿತ್ತಾಡಿದರು.

"ಪಾಪ, ಬೋರ್ಡಿರ್ಲಿಲ್ವಲ್ಲ" ಎಂದರು ಅಪ್ಪ. "ಅಂದ್ರೆ ಅವ್ರು ಸೇರಬೇಕಾದ ಜಾಗ ನಾವು ಸೇರಿದೀವಿ ಅನ್ನು."

ಜೂನ್‌ನಲ್ಲಿ ಟಲ್ಲಮರೀನ್‌ನಿಂದ ಅಪ್ಪ ಹೊರಟರು. ಅಷ್ಟು ದಿನವೂ ಬೆಳಿಗ್ಗೆ ಕಾಫಿ ಕುಡಿದು ಬೀದಿಯ ಆ ಅಡ್ಡಹಲಗೆಯವರೆಗೆ ನಡೆದು, ಹಸುಗಳನ್ನು ಒಮ್ಮೆ ನೋಡಿ ಬರುವುದು ಅವರ ರೂಢಿಯಾಗಿತ್ತು. ಅವರು ಹೋದ ಮೇಲೆ ಮಗಳ ಲಾಗ್ ಬುಕ್ ತೆಗೆದು ನೋಡಿದರೆ, ಟಾರ್ಕಟ್ಟ–ಹೋಲ್‌ಬ್ರೂಕ್ ಸಾಲಿನ ಪಕ್ಕ, ನನ್ನ ಸಹಿಯ ಕೆಳಗೆ, ಪೆನ್ಸಿಲ್ಲಿನಲ್ಲಿ ಕನ್ನಡದ ಗುಂಡನೆಯ ಅಕ್ಷರ: "ಗಾಡಿ ಸರಿಯಾಗಿದೆ. ಚಾಲಕಿ ಉತ್ತಮ." ಪುಸ್ತಕ ಪರಿಶೀಲಿಸಿದವರು ಏನೆಂದುಕೊಂಡರೋ, ಯಾರೂ ಕೇಳಲಿಲ್ಲ.

ಈಗ ಕೆಳಗಿನ ರೂಮಿನಲ್ಲಿ ಮಗಳ ಪುಸ್ತಕಗಳಿವೆ, ಹಾಸಿಗೆ ಹಾಗೇ ಇದೆ. ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನು. ಮಳೆ, ಕಾಫಿ ರೇಟು, ಶಿರಾಡಿಯಲ್ಲಿ ಮತ್ತೆ ಗುಡ್ಡ ಕುಸಿದದ್ದು. ಹೋದ ವರ್ಷ ನಮ್ಮ ಬೀದಿಯ ಅಡ್ಡಹಲಗೆ ಕಿತ್ತು, ಬೇಲಿ ತೆಗೆದು, ಹಸುಗಳಿದ್ದ ಹುಲ್ಲುಗಾವಲಿನ ಮೇಲೆ ಟಾರು ಹಾಕಿದರು. ರಸ್ತೆ ಆ ಕಡೆಯ ದೊಡ್ಡ ರಸ್ತೆಗೆ ಕೂಡಿಕೊಂಡಿದೆ. ಅದನ್ನು ಅಪ್ಪನಿಗೆ ಹೇಳಿದೆ.

"ಹೌದಾ?" ಎಂದರು. "ಬಸ್ಸು ಬಿಟ್ರಾ?"